ಬಸವಂತ್ರಾಯನ ಹಳೆಯ ಕಂಪ್ಯೂಟರು
ಹುಣಸಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಬಸವಂತ್ರಾಯನಿಗೆ, ಹಳೆಯದನ್ನು ಎಸೆಯುವವರನ್ನು ಕಂಡರಾಗದು. ‘ಇದಕ್ಕೇನಾಗ್ಯಾದ್ರಿ? ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡೋಣು. ಆದ್ರ ಪವರ್ ಸಪ್ಲೈ ದೊಡ್ಡದು ಬೇಕ್ರಿ. ತೂಬು ಸಣ್ಣದಿದ್ರ ಹೊಲಕ್ಕ ಕೆನಾಲ್ ನೀರು ಸಾಲ್ತದೇನು?’ ಎಂದು ಪ್ರತಿ ಗಿರಾಕಿಯನ್ನೂ ಒಪ್ಪಿಸಿಬಿಡುತ್ತಾನೆ. ಒಳಗಿನ ಧೂಳನ್ನು ಕೂಸಿನ ಕಣ್ಣಿಗೆ ಊದಿದಷ್ಟು ಮೆಲ್ಲಗೆ ಊದುತ್ತಾನೆ. ಅವನ ಮನೆಯ ಕಂಪ್ಯೂಟರಂತೂ ಊರಿಗೇ ಹಿರಿಯದು. ಕಾಲಿಗೆ ಲಕ್ವಾ ಹೊಡೆದು ನಡೆಯಲಾರದ ಹೆಂಡತಿ ರತ್ನಾಬಾಯಿ ಅದರಲ್ಲಿ ಬಸ್ಸು ಓಡಿಸುವ ಆಟ ಆಡುತ್ತಾಳೆ. ಮೊನ್ನೆ ಪರದೆಯ ಚಿತ್ರ ತಡವರಿಸಿ ನಡುದಾರಿಯಲ್ಲೇ ಬಸ್ಸು ನಿಂತಾಗ ಅವಳ ಮುಖ ಬಾಡಿತು. ಅವನು ಅಂಗಡಿ ಮುಚ್ಚಿ ಬಂದು ಕಾರ್ಡು, ಪವರ್ ಸಪ್ಲೈ ಎರಡನ್ನೂ ಬದಲಿಸಿದ. ಬಸ್ಸು ಸಲೀಸಾಗಿ ಹೊರಟಿತು. ಪಕ್ಕದಲ್ಲಿ ಕೂತು, ‘ಸುರಪುರಕ್ಕ ನಾನೂ ಬರ್ಲೇನು?’ ಎಂದ. ರತ್ನಾಬಾಯಿ ಪರದೆಯಿಂದ ಕಣ್ಣು ಕೀಳದೆ, ‘ಗಟ್ಟಿ ಹಿಡ್ಕೊಂಡು ಕುಂದರ್ರಿ’ ಎಂದಳು.