ಓನರ್ ಮನೆಯ ಕೆಂಪು ಸೈಕಲ್

ಇವತ್ತು ಸ್ಪೋಕನ್ ಇಂಗ್ಲಿಷ್ ಪರೀಕ್ಷೆಯಲ್ಲಿ ಮೇಡಂ, ನಿಮ್ಮ ಬಾಲ್ಯದ ಸೈಕಲ್ ಬಗ್ಗೆ ಹೇಳಿ ಎಂದರು.

ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದಾಗ ಓನರ್ ಮಗಳಿಗೆ ಕೆಂಪು ಸೈಕಲ್ ಇತ್ತು. ಆಯುಧಪೂಜೆಗೆ ಅದನ್ನು ತೊಳೆಯುವ ಕೆಲಸ ನನ್ನದು.

"ಚೆನ್ನಾಗಿ ಉಜ್ಜು ಪುಟ್ಟಿ, ಪೂಜೆ ಆದ್ಮೇಲೆ ನಿಂಗೂ ಒಂದ್ ರೌಂಡ್ ಕೊಡಿಸ್ತೀನಿ" ಎನ್ನುತ್ತಿದ್ದರು ಓನರ್ ಆಂಟಿ.

ಚಕ್ರದ ಒಂದೊಂದು ಕಡ್ಡಿಯನ್ನೂ ಎಣ್ಣೆಬಟ್ಟೆಯಲ್ಲಿ ಒರೆಸುತ್ತಿದ್ದೆ. ಪೂಜೆಯಾಗಿ, ಮಗಳು ಚಕ್ರದಡಿಯ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಹೊರಟುಬಿಡುತ್ತಿದ್ದಳು. ನಾನು ಗೇಟಿನ ಹತ್ತಿರ ಕಾಯುತ್ತಿದ್ದೆ.

"ಪೂಜೆ ಮಾಡಿರೋ ಗಾಡೀನ ಬೇರೆಯವ್ರಿಗೆ ಕೊಡಬಾರ್ದು ಕಣೇ. ಆ ನಿಂಬೆಹಣ್ಣು ಎತ್ತಿ ಮೋರಿಗ್ ಹಾಕು" ಎನ್ನುತ್ತಿದ್ದರು ಆಂಟಿ.

ಮರುವರ್ಷವೂ ಅದೇ ಆಸೆ ತೋರಿಸುತ್ತಿದ್ದರು. ನಾನೂ ಉಜ್ಜುತ್ತಿದ್ದೆ.

ಒಮ್ಮೆಯೂ ಹತ್ತದ ಆ ಸೈಕಲ್ಲನ್ನೇ ಇವತ್ತು ನನ್ನದೆಂದು ಹೇಳಿದೆ. ಬೆಲ್ಲು, ಬುಟ್ಟಿ, ಕಡ್ಡಿ, ಯಾವುದನ್ನೂ ಬಿಡಲಿಲ್ಲ. "ವೆರಿ ಗುಡ್" ಎಂದ ಮೇಡಂ, ಓಡಿಸಲು ಯಾರು ಕಲಿಸಿದರು ಎಂದು ಕೇಳಿದರು.

ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿಯಿತು.