ಹೊದಿಕೆ ಕಿತ್ತ ಪತ್ತೇದಾರಿ ಚಿತ್ರಕಥೆಗಳು

ಮೂಡಿಗೆರೆಯ ಬಾಡಿಗೆ ಲೈಬ್ರರಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಪತ್ತೇದಾರಿ ಚಿತ್ರಕಥೆ ಬಂದ ದಿನವೇ ಮಾಲೀಕರು ಅದರ ಬಣ್ಣದ ಹೊದಿಕೆ ಕಿತ್ತು, ದಪ್ಪ ರಟ್ಟು ಇಟ್ಟು ಹೊಲಿಯುತ್ತಿದ್ದರು. ಮುಖಪುಟ ಚಂದವಿದ್ದರೆ ಪುಸ್ತಕ ವಾಪಸ್ ಬರುವುದಿಲ್ಲ ಎಂಬುದು ಅವರ ಅನುಭವ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಇರುತ್ತಿದ್ದದ್ದು ಆ ಹೊದಿಕೆಯ ಒಳಬದಿಯಲ್ಲಿ. ತೊಂಬತ್ತರ ದಶಕದ ಕೊನೆಗೆ, ಮನೆಮನೆಗೆ ಕೇಬಲ್ ಬಂದು ಲೈಬ್ರರಿ ಮುಚ್ಚಿದಾಗ, ಹಳೆಯ ಚಿತ್ರಕಥೆಗಳನ್ನು ಕೂಡಿಡುವ ಹುಚ್ಚು ಹಿಡಿದಿದ್ದ ನಾನು ಕೊಂಡು ತಂದದ್ದು ಹೀಗೆ ಅನಾಥವಾದ ಒಂದು ಮೂಟೆಯನ್ನು.

ನಾನಾಗ ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ‘ಪುರಾವೆ ಎಲ್ಲಿ’ ಎಂದು ಎದುರಾಳಿಯನ್ನು ಕೂರಿಸುವುದೇ ನನ್ನ ಕಸುಬು. ಕೊಟ್ಟಿಗೆಹಾರದಲ್ಲಿ ಅಂಗಡಿ ಬೋರ್ಡು ಬರೆಯುವ ಮುದುಕರೊಬ್ಬರು ಈ ಚಿತ್ರಗಳೆಲ್ಲ ತಮ್ಮವೇ ಅನ್ನುತ್ತಾರೆ ಎಂದು ಮಾಲೀಕರು ಹೇಳಿದರು. ನಂಬದೆಯೇ, ಮೂಟೆಯಿಂದ ನಾಲ್ಕು ಪುಸ್ತಕ ಚೀಲಕ್ಕೆ ಹಾಕಿಕೊಂಡು ಅವರ ಮನೆಗೆಂದು ಬಸ್ಸು ಹತ್ತಿದೆ.

ಮದುವೆಗೆ ಮುಂಚೆ ಮುದುಕರು ಬೆಂಗಳೂರಿನ ಪ್ರೆಸ್ಸೊಂದಕ್ಕೆ ಚಿತ್ರ ಬಿಡಿಸಿಕೊಡುತ್ತಿದ್ದರಂತೆ. ಅವರ ಹತ್ತಿರ ಒಂದು ಪ್ರತಿಯೂ ಉಳಿದಿರಲಿಲ್ಲ. ಕೀರ್ತಿ ಗೀರ್ತಿ ಅವರಿಗೆ ಬೇಕಿರಲಿಲ್ಲ, ಮಗ ನಂಬಿದರೆ ಸಾಕಿತ್ತು. ಮಗನ ಪ್ರಕಾರ ಅಪ್ಪ ಆ ವರ್ಷಗಳಲ್ಲಿ ಊರೂರು ಅಲೆದಿದ್ದರು, ಮಿಕ್ಕಿದ್ದೆಲ್ಲ ಬುರುಡೆ.

ತಂದಿದ್ದ ಪುಸ್ತಕಗಳ ಪುಟ ಅವರೆದುರೇ ತಿರುವುತ್ತಾ ಹೋದಂತೆ ನನ್ನ ಅನುಮಾನವೇ ಕರಗಿತು. ಲಂಡನ್ನಿನ ಕೊಲೆಗಾರ ಅವಿತಿದ್ದದ್ದು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದ ಹಿಂದೆ. ಅವನನ್ನು ಹುಡುಕುವ ಪೊಲೀಸನ ತಲೆಯ ಮೇಲೆ ಮಳೆಗೆ ಹೊದೆಯುವ ನಮ್ಮ ಕಂಬಳಿ ಕೊಪ್ಪೆ. ಮಲೆನಾಡಿನವರಲ್ಲದೆ ಬೇರೆ ಯಾರು ಹೀಗೆ ಬಿಡಿಸುತ್ತಾರೆ ಎಂದು ಮಗನೆದುರು ವಾದ ಹೂಡಿದೆ.

“ಮಲೆನಾಡಲ್ಲಿ ನಮ್ಮಪ್ಪ ಒಬ್ರೇನಾ ಇರೋದು ಮಾರಾಯ? ಹೆಸರು ಎಲ್ಲಿದೆ, ತೋರ್ಸು” ಅಂದ ಮಗ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಹೊರಡುವಾಗ, ಒಂದು ಪುಸ್ತಕದ ಮೇಲೆ ಸಹಿಯಾದರೂ ಹಾಕಿಕೊಡಿ ಎಂದು ಮುದುಕರನ್ನು ಕೇಳಿದೆ. ಅವರು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು.

“ಈಗ ಬರ್ದ್ರೆ ನೀನಾದ್ರೂ ನಂಬ್ತೀಯೇನಪ್ಪ?”

ಹೊದಿಕೆ ಇರುವ ಒಂದೇ ಒಂದು ಪ್ರತಿಗಾಗಿ ಕಳಸ, ಸಂಸೆ, ಚಿಕ್ಕಮಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದೆ. ನಮ್ಮ ಕಡೆಯ ಲೈಬ್ರರಿಗಳೆಲ್ಲ ಒಂದೇ ಬುದ್ಧಿಯವು. ಸಿಕ್ಕಿದ್ದೆಲ್ಲ ಬರೀ ರಟ್ಟು. ಮುಂದಿನ ಮಳೆಗಾಲದಲ್ಲಿ ಮುದುಕರು ತೀರಿಕೊಂಡರು. ಉತ್ತರಕ್ರಿಯೆಯ ಕಾರ್ಡನ್ನು ಮಗನೇ ಕಳಿಸಿದ್ದ. ಅವರ ಹೆಸರನ್ನು ಅಚ್ಚಿನಲ್ಲಿ ನಾನು ಕಂಡದ್ದು ಅದೊಂದೇ ಸಲ. ಕೆಳಗೆ ‘ಬೋರ್ಡ್ ಪೇಂಟರ್’ ಎಂದಿತ್ತು.