ನಮ್ಮ ಕೊಟ್ಟಿಗೆಯ ಮಹಿಮೆ

ಮೊನ್ನೆ ಸೊಸೆ ಶಿಡ್ಲಘಟ್ಟದ ಸಂತೆಯಿಂದ ಒಂದು ಕೆಂಪು ಸೋಪು ತಂದಳು. ಕಾರ್ಬಾಲಿಕ್ ಸೋಪು. ಕಾಗದ ಬಿಚ್ಚಿದ್ದೇ ತಡ, ವಾಸನೆ ಅಡುಗೆಮನೆಯವರೆಗೂ ಬಂತು. ಅವಳು ಮೂಗು ಮುಚ್ಚಿಕೊಂಡು, "ಥೂ, ಆಸ್ಪತ್ರೆ ಇದ್ದಂಗೈತೆ ಅತ್ತೆ, ವಾಪಸ್ ಕೊಟ್ಬಿಡ್ತೀನಿ" ಅಂದಳು. "ಮುಟ್ಟಿದ್ರೆ ನೋಡು!" ಅಂದೆ. ಪಾಪ, ಅವಳಿಗೇನು ಗೊತ್ತು? ಆ ವಾಸನೆ ಒಂದು ದಿನ ನಮ್ಮ ಕೊಟ್ಟಿಗೆಗೆ ಬರದೆ ಹೋಗಿದ್ದರೆ ಅವಳಿಗೆ ಈ ಗಂಡನೂ ಇಲ್ಲ, ಈ ಬಾಯಿಬಡುಕಿ ಅತ್ತೆಯೂ ಇಲ್ಲ.

ಅದು ನರ್ಸಮ್ಮನ ವಾಸನೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಬಹಳ ಕಾಲ ಕೆಲಸ ಮಾಡಿ, ಆಮೇಲೆ ಶಿಡ್ಲಘಟ್ಟದಲ್ಲಿ ಮನೆ ಮಾಡಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಬರುತ್ತಿದ್ದ ಕ್ರೈಸ್ತ ಹೆಂಗಸು. ಬಿಳಿ ಸೀರೆ, ಕಪ್ಪು ಕೊಡೆ, ಹೆಗಲಿಗೊಂದು ಚೀಲ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಯಾರಾದರೂ ಒಂದು ಲೋಟ ಮಜ್ಜಿಗೆ ಕೊಟ್ಟರೂ ಸಾಕು, "ದೇವರಿಗೆ ಮಹಿಮೆ" ಅನ್ನುತ್ತಿದ್ದರು. ಬಸ್ಸು ಸಿಕ್ಕಿದರೂ ಮಹಿಮೆ, ಮಳೆ ನಿಂತರೂ ಮಹಿಮೆ. ನಾವು ಹೊಸ ಸೊಸೆಯಂದಿರು ಬಾವಿಕಟ್ಟೆಯಲ್ಲಿ ಅವರ ಹಾಗೇ ಹೇಳಿಕೊಂಡು ನಗುತ್ತಿದ್ದೆವು. ನಮಗೆ ಮಹಿಮೆ ಅಂದರೆ ಕೈವಾರದ ಮಠಕ್ಕೋ ಮುರುಗಮಲ್ಲದ ದರ್ಗಾಕ್ಕೋ ಹೋಗಿಬಂದವರು ಕಣ್ಣರಳಿಸಿ ಹೇಳುವಂಥದ್ದು. ಬಿಡದ ಜ್ವರ ಬಿಟ್ಟಿತು, ಕಳೆದುಹೋದ ಹಸು ತಾನೇ ಮನೆಗೆ ಬಂತು... ಅಂಥದ್ದು. ಮಜ್ಜಿಗೆಯಲ್ಲಿ ಎಂಥ ಮಹಿಮೆ!

ಅರವತ್ತರ ದಶಕದ ಶುರು. ನನಗೆ ಚೊಚ್ಚಲ ಬಸಿರು. ತಾಯಿ ಇಲ್ಲದ ತವರು, ಹಾಗಾಗಿ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕಿತ್ತು. ನನ್ನ ಗ್ರಹಚಾರ ನೋಡಿ, ನೋವು ಕಾಣಿಸಿಕೊಂಡದ್ದು ಸರಿಯಾಗಿ ಹುಳ ಹಣ್ಣಾಗುವ ದಿನ. ರೇಷ್ಮೆ ಹುಳ ಸಾಕುವವರಿಗೆ ಅದು ಹಬ್ಬಕ್ಕಿಂತ ದೊಡ್ಡ ದಿನ. ಸೊಪ್ಪು ತಿಂದು ಬಲಿತ ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ತಟ್ಟೆಗಳ ಮೇಲೆ ಬಿಡಬೇಕು. ನಡುಮನೆ, ಪಡಸಾಲೆ, ಎಲ್ಲೆಲ್ಲೂ ಚಂದ್ರಿಕೆ. ಆ ಹೊತ್ತಿನಲ್ಲಿ ಮನೆಗೆ ಹೊರಗಿನವರು ಬರಬಾರದು, ಘಾಟು ವಾಸನೆ ಸುಳಿಯಬಾರದು, ಸೂತಕ ಅಂತೂ ಸೋಕಲೇಬಾರದು. ಹೆರಿಗೆ ಸೂತಕವೂ ಸೂತಕವೇ. ನಮ್ಮತ್ತೆ ಹಿಂದೆ ಮುಂದೆ ನೋಡಲಿಲ್ಲ. ದನಗಳನ್ನು ಹೊರಗೆ ಕಟ್ಟಿಸಿ, ಕೊಟ್ಟಿಗೆಯಲ್ಲಿ ಈಚಲು ಚಾಪೆ ಹಾಸಿ, "ಅಲ್ಲೋಗಿ ಮಲಕ್ಕೊಳಮ್ಮ" ಅಂದರು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ. ಹುಳಕ್ಕೆ ನಡುಮನೆ, ನನಗೆ ಕೊಟ್ಟಿಗೆ!

ಬೆಳಗಿನಿಂದ ಮಧ್ಯಾಹ್ನವಾದರೂ ಮಗು ಬರಲಿಲ್ಲ. ಊರಿನ ಸೂಲಗಿತ್ತಿ ಬೆವರು ಒರೆಸಿಕೊಂಡು, "ಇದು ನನ್ನ ಕೈಮೀರೈತೆ" ಅಂದುಬಿಟ್ಟಳು. ನನ್ನ ಗಂಡ ಸೈಕಲ್ ತೆಗೆದುಕೊಂಡು ಓಡಿದರು, ಹಿಂದಿನ ಸೀಟಿನಲ್ಲಿ ನರ್ಸಮ್ಮನನ್ನು ಕೂರಿಸಿಕೊಂಡು ಬಂದರು. ಬಾಗಿಲಲ್ಲೇ ಅತ್ತೆ ಅಡ್ಡ ನಿಂತರಂತೆ. ಚೀಲದಲ್ಲಿದ್ದ ಕೆಂಪು ಸೋಪಿನ ವಾಸನೆ ಆಗಲೇ ಅವರ ಮೂಗಿಗೆ ಬಡಿದಿತ್ತು.

"ಆ ಸೋಪು ಒಳಗೆ ಬ್ಯಾಡ. ಹುಳ ಸತ್ತೋಗ್ತವೆ."

"ಕೈ ತೊಳೀದೆ ನಾನು ಸೊಸೇನ ಮುಟ್ಟಲ್ಲಮ್ಮ. ಆಗ ಇವಳು ಸತ್ತೋಗ್ತಾಳೆ."

ಚಾಪೆಯ ಮೇಲೆ ಬಿದ್ದಿದ್ದ ನನಗೆ ಎರಡೂ ಮಾತು ಕೇಳಿಸಿದವು. ಆಯಿತು, ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರು, ಇಲ್ಲವೇ ಚೀಲ ಎತ್ತಿಕೊಂಡು ವಾಪಸ್ಸು ಹೋಗುತ್ತಿದ್ದರು. ನರ್ಸಮ್ಮ ಎರಡೂ ಮಾಡಲಿಲ್ಲ. ಸುಡುಬಿಸಿಲಲ್ಲಿ ಸೊಪ್ಪಿನ ತೋಟದ ಬಾವಿಯವರೆಗೂ ನಡೆದು, ಅಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಎರಡೂ ಕೈ ಮೇಲೆತ್ತಿಕೊಂಡು, ಏನನ್ನೂ ಮುಟ್ಟದೆ, ಸೀರೆಯಲ್ಲೂ ಒರೆಸಿಕೊಳ್ಳದೆ, ಹಿತ್ತಲ ಕಡೆಯಿಂದ ಕೊಟ್ಟಿಗೆಗೆ ಬಂದರು. ತೊಟ್ಟಿಕ್ಕುತ್ತಿದ್ದ ಆ ಕೈಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಬಿಳಿ ಸೀರೆಯಲ್ಲೇ ಗಂಜಲದ ನೆಲದ ಮೇಲೆ ಮಂಡಿಯೂರಿ ಕೂತು, "ಭಯಪಡಬೇಡ ತಲ್ಲೀ, ನಾನಿಲ್ವಾ?" ಅಂದರು.

ಆಮೇಲಿನದು ಪೂರ್ತಿ ನೆನಪಿಲ್ಲ... ಮಗು ಬಂತು. ಆದರೆ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ನರ್ಸಮ್ಮ ಅದರ ಬಾಯಿ ಒರೆಸಿ, ತಮ್ಮ ಬಾಯಿಟ್ಟು ಮೆಲ್ಲಗೆ ಉಸಿರು ಊದಿದರು. ಮತ್ತೆ ಊದಿದರು. ಹೊರಗೆ ಎಮ್ಮೆ ಒದರಿದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಯಾವ ಯಾವ ದೇವರನ್ನು ಕರೆದೆನೋ! ಕೊನೆಗೊಮ್ಮೆ ಮಗು ಕಿರ್ರೆಂದು ಕಿರುಚಿತು. ಆ ದನಿ ಕೇಳಿದ್ದೇ ಅತ್ತೆ ಕೈಯಲ್ಲಿದ್ದ ಚಂದ್ರಿಕೆ ಬಿಟ್ಟು ಓಡಿಬಂದರು. ಸೂತಕವೂ ಇಲ್ಲ, ಗೀತಕವೂ ಇಲ್ಲ, ನೇರ ಬಂದು ಮೊಮ್ಮಗನನ್ನು ಎತ್ತಿಕೊಂಡರು. ಹುಳದ ಕೆಲಸ ಪಕ್ಕದ ಮನೆಯವರ ಪಾಲಾಯಿತು.

ಎಲ್ಲ ಸುಧಾರಿಸಿದ ಮೇಲೆ ನರ್ಸಮ್ಮ ಗೋಡೆಗೆ ಒರಗಿ, ಅದೇ ಸಗಣಿ ನೆಲದಲ್ಲಿ ಕಾಲು ಚಾಚಿದರು. "ದೇವರಿಗೆ ಮಹಿಮೆ" ಅಂದರು. ಈ ಸಲ ನನಗೆ ನಗು ಬರಲಿಲ್ಲ.

"ಎಂಥ ಮಹಿಮೆ ನರ್ಸಮ್ಮ, ಈ ಕೊಟ್ಟಿಗೇಲಿ?" ಅಂದೆ.

"ಕೊಟ್ಟಿಗೇಲೇ ಕಣಮ್ಮ ಅದು ಇರೋದು. ನಮ್ಮ ಸ್ವಾಮಿ ಹುಟ್ಟಿದ್ದೂ ಇಂಥ ಜಾಗದಲ್ಲೇ. ಹೆರೋ ಹೆಂಗಸಿಗೆ ಯಾರೂ ಮನೇಲಿ ಜಾಗ ಕೊಡ್ಲಿಲ್ಲ. ಹುಲ್ಲು ಹಾಕೋ ಗೋದಲೀಲಿ ಮಗೂನ ಮಲಗಿಸಿದ್ರು. ದೇವದೂತರು ಮಹಿಮೆ, ಮಹಿಮೆ ಅಂತ ಹಾಡಿದ್ದು ಆ ರಾತ್ರೀನೇ. ಅಷ್ಟು ದೊಡ್ಡೋನು ಇಷ್ಟು ಕೆಳಗೆ ಬಂದು ನಮ್ಮ ಪಕ್ಕದಲ್ಲಿ ಕೂತ್ನಲ್ಲಾ, ಅದೇ ಅವನ ಮಹಿಮೆ. ಸಿಂಹಾಸನ ಯಾವ ರಾಜನಿಗಿಲ್ಲ ಹೇಳು?"

ಅತ್ತೆಗೆ ತಡೆಯಲಾಗಲಿಲ್ಲ. "ಅಯ್ಯೋ ಅವರ ಮನೆ ಹಾಳಾಗ! ದಿನ ತುಂಬಿದ ಹೆಂಗಸನ್ನ ದನದ ಕೊಟ್ಟಿಗೆಗೆ ಕಳಿಸಿದ್ರಾ? ಎಂಥ ಜನಾನಪ್ಪಾ ಅವರು!"

ನರ್ಸಮ್ಮ ಸೀರೆಯ ಸಗಣಿ ಒರೆಸುತ್ತ ತಲೆ ತಗ್ಗಿಸಿಕೊಂಡಿದ್ದರು, ನಗು ಅದುಮಿಕೊಂಡಿದ್ದರು ಅಂತ ನನ್ನ ಅನುಮಾನ. ಅತ್ತೆ ಮಗುವನ್ನು ನೋಡಿದರು, ಚಾಪೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದು ಹೋಗಿ, ನಡುಮನೆಯ ಚಂದ್ರಿಕೆಗಳನ್ನು ಒಂದು ಮೂಲೆಗೆ ಸರಿಸಿ, ತಮ್ಮ ಹಾಸಿಗೆ ಬಿಡಿಸಿ, "ಒಳಗೆ ಬಾರಮ್ಮ" ಅಂದರು. ಆ ಸಲ ಗೂಡು ಅರ್ಧಕ್ಕರ್ಧ ಕೈಕೊಟ್ಟಿತು. ಅತ್ತೆ ನನ್ನನ್ನೂ ದೂರಲಿಲ್ಲ, ಆ ಸೋಪನ್ನೂ ದೂರಲಿಲ್ಲ.

ಕೆಲವು ವರ್ಷಗಳ ನಂತರ ನರ್ಸಮ್ಮ ಹೋಗಿಬಿಟ್ಟರೆಂದು ಸುದ್ದಿ ಬಂತು. ಅವತ್ತೂ ನಮ್ಮ ಮನೆತುಂಬ ಹಣ್ಣಾದ ಹುಳ. ಮಣ್ಣಿಗೆ ಹೋಗಿಬಂದವರು ಹುಳ ಮುಟ್ಟುವಂತಿಲ್ಲ. ನಾನು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ, ಹೋಗಿಬರಲಾ ಅಂತ ಕೇಳುವ ಧೈರ್ಯವಿರಲಿಲ್ಲ. ಅತ್ತೆ ಚಂದ್ರಿಕೆ ಕೆಳಗಿಟ್ಟು ಸೆರಗು ಹೊದ್ದುಕೊಂಡರು.

"ನಡಿಯಮ್ಮ, ಹೋಗಣ. ಅವಮ್ಮ ನಮ್ಮ ಕೊಟ್ಟಿಗೆಗೆ ಬರಲಿಲ್ವಾ?"

ಹೋದೆವು. ಎಲ್ಲರ ಹಾಗೆ ಒಂದು ಹಿಡಿ ಮಣ್ಣು ಹಾಕಿದೆವು. ಅತ್ತೆ ಕೈಮುಗಿದು ಏನೋ ಗೊಣಗಿದರು, ಏನೆಂದು ನಾನು ಕೇಳಲಿಲ್ಲ...

ಈಗ ಅತ್ತೆಯೂ ಇಲ್ಲ, ಹುಳವೂ ಇಲ್ಲ, ಕೊಟ್ಟಿಗೆ ಇದ್ದ ಜಾಗದಲ್ಲಿ ಬಚ್ಚಲುಮನೆ ಇದೆ. ನನ್ನ ಉಸಿರು, ನನ್ನ ಮಗನ ಉಸಿರು ನರ್ಸಮ್ಮ ಕೊಟ್ಟಿದ್ದು. ಬದುಕಿದ್ದಾಗ ಬಾಯಿತುಂಬ ಹೇಳಲಾಗಲಿಲ್ಲ, ಈಗ ಹೇಳುತ್ತಿದ್ದೇನೆ. ಮೊನ್ನೆ ಸೊಸೆ ತಂದ ಆ ಕೆಂಪು ಸೋಪಿನಿಂದಲೇ ಮೊಣಕೈವರೆಗೂ ತೊಳೆದುಕೊಂಡು ಬಚ್ಚಲಿನಿಂದ ಹೊರಬಂದೆ. ಸೊಸೆ ಟವೆಲ್ ಹಿಡಿದು ನಿಂತಿದ್ದಳು. "ಇರು ತಾಯಿ, ಒಂದು ಗಳಿಗೆ" ಅಂದು, ನೀರು ತೊಟ್ಟಿಕ್ಕುವ ಕೈಗಳನ್ನು ಹಾಗೇ ಮೇಲೆತ್ತಿಕೊಂಡು ನಿಂತೆ.